ಡಾಲರಿಗೆ ಅರ್ಧ ಸೆಂಟ್: ಪೊಲೀಸರಿಗೆಂದೇ ಎತ್ತಿಡುವ ಊರ ತೆರಿಗೆಯ ಲೆಕ್ಕ

ಟೆಕ್ಸಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ನೂರು ಡಾಲರಿನ ಮಿಕ್ಸಿ ಕೊಂಡರೆ ಕೈಯಿಂದ ಹೋಗುವುದು 108 ಡಾಲರ್ 25 ಸೆಂಟ್. ಮೇಲಿನ ಎಂಟೂಕಾಲು ಡಾಲರ್ ಬಿಲ್ಲಿನಲ್ಲಿ 'ಸೇಲ್ಸ್ ಟ್ಯಾಕ್ಸ್' ಎಂಬ ಒಂದೇ ಸಾಲಾಗಿ ಕಾಣುತ್ತದೆ. ಆ ಸಾಲಿನೊಳಗೆ 50 ಸೆಂಟಿನ ಒಂದು ತುಂಡಿದೆ. ಅದರಿಂದ ರಸ್ತೆ ಹಾಕುವಂತಿಲ್ಲ, ಉದ್ಯಾನ ಕಟ್ಟುವಂತಿಲ್ಲ, ಕಚೇರಿಯ ಕುರ್ಚಿಯನ್ನೂ ಕೊಳ್ಳುವಂತಿಲ್ಲ. ಅಪರಾಧ ತಡೆಯುವ ಕೆಲಸಕ್ಕೆ ಮಾತ್ರ ಅದನ್ನು ಬಳಸಬೇಕು. ಹೀಗೆಂದು ಊರಿನ ಮತದಾರರೇ ಮತ ಹಾಕಿ ತೀರ್ಮಾನಿಸಿದ್ದಾರೆ.

ಅಮೆರಿಕದ ನಗರಗಳ ಮತಪತ್ರದಲ್ಲಿ ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. 'ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗಾಗಿ ಮಾರಾಟ ತೆರಿಗೆಯನ್ನು ಕಾಲು ಸೆಂಟ್ ಏರಿಸಬಹುದೇ? ಹೌದು ಅಥವಾ ಇಲ್ಲ.' ಅಲ್ಲಿ ಹೊಸದಾಗಿ ಪೌರತ್ವ ಪಡೆದು ಮೊದಲ ಸಲ ಮತಗಟ್ಟೆಗೆ ಹೋದ ಕನ್ನಡಿಗರಿಗೆ ಅಧ್ಯಕ್ಷರ ಚುನಾವಣೆ ಪರಿಚಿತ, ಸೆನೆಟರ್ ಯಾರೆಂದೂ ಗೊತ್ತು. ತೊಡಕಾಗುವುದು ಕೊನೆಯ ಪುಟದ ಈ ಪ್ರಶ್ನೆಯಲ್ಲಿ. ನಮ್ಮೂರಿನಲ್ಲಿ ತೆರಿಗೆಯನ್ನು ಯಾರೂ ನಮ್ಮನ್ನು ಕೇಳಿ ಹಾಕಿದ್ದಿಲ್ಲ. ಹಾಗಾಗಿ ಬುಡದಿಂದಲೇ ನೋಡೋಣ.

ಎಂಟೂಕಾಲರಲ್ಲಿ ಯಾರ ಪಾಲು ಎಷ್ಟು

ಮೊದಲು 'ಅರ್ಧ ಸೆಂಟ್' ಅಂದರೇನು ಎಂಬುದು ಸ್ಪಷ್ಟವಾಗಬೇಕು. ಪ್ರತಿ ಖರೀದಿಗೆ ಅರ್ಧ ಸೆಂಟ್ ಎಂದಲ್ಲ, ಖರೀದಿಸಿದ ಪ್ರತಿ ಡಾಲರಿಗೆ ಅರ್ಧ ಸೆಂಟ್. ಒಂದು ಡಾಲರಿಗೆ ನೂರು ಸೆಂಟ್ ಆದ್ದರಿಂದ ಇದು ಶೇ. 0.5. ಹತ್ತು ಡಾಲರಿಗೆ 5 ಸೆಂಟ್, ಸಾವಿರ ಡಾಲರಿಗೆ 5 ಡಾಲರ್.

ಫೋರ್ಟ್ ವರ್ತ್‌ನ ಶೇ. 8.25ರಲ್ಲಿ 6.25 ಟೆಕ್ಸಸ್ ರಾಜ್ಯದ್ದು. ಉಳಿದ 2 ಊರಿನದು. ಆ ಎರಡರಲ್ಲಿ ಒಂದು ಪಾಲು ನಗರಾಡಳಿತದ ಸಾಮಾನ್ಯ ಖಜಾನೆಗೆ, ಅರ್ಧ ಪಾಲು ಟ್ರಿನಿಟಿ ಮೆಟ್ರೋ ಎಂಬ ಬಸ್ಸು-ರೈಲು ಸಂಸ್ಥೆಗೆ, ಇನ್ನರ್ಧ 'ಅಪರಾಧ ನಿಯಂತ್ರಣ ಮತ್ತು ತಡೆ ಜಿಲ್ಲೆ' ಎಂಬ ಸಂಸ್ಥೆಗೆ. ಹೆಸರಿನಲ್ಲಿ ಜಿಲ್ಲೆ ಎಂದಿದ್ದರೂ ಇದು ನಮ್ಮ ಕಲಬುರಗಿ, ತುಮಕೂರಿನಂಥ ಜಿಲ್ಲೆಯಲ್ಲ. ಒಂದೇ ಕೆಲಸಕ್ಕಾಗಿ ಕಾನೂನು ಹುಟ್ಟುಹಾಕಿದ, ತೆರಿಗೆ ಪಡೆಯುವ ಅಧಿಕಾರವಿರುವ ಘಟಕ.

ಅಂಗಡಿಯವರು ಇವರೆಲ್ಲರಿಗೂ ಬೇರೆ ಬೇರೆಯಾಗಿ ಹಣ ಕಟ್ಟುವುದಿಲ್ಲ. ಒಟ್ಟು ತೆರಿಗೆಯನ್ನು ರಾಜ್ಯದ ಕಂಪ್ಟ್ರೋಲರ್ ಕಚೇರಿಗೆ ಕಟ್ಟುತ್ತಾರೆ. ಆ ಕಚೇರಿ ರಾಜ್ಯದ ಪಾಲನ್ನು ಇಟ್ಟುಕೊಂಡು ಊರಿನ ಪಾಲನ್ನು ತಿಂಗಳು ತಿಂಗಳು ವಾಪಸು ಕಳಿಸುತ್ತದೆ. ಯಾವ ಊರಿಗೆ, ಯಾವ ಘಟಕಕ್ಕೆ ಎಷ್ಟು ಹೋಯಿತೆಂಬ ಪಟ್ಟಿ ಬಹಿರಂಗವಾಗಿರುತ್ತದೆ. ಯಾರು ಬೇಕಾದರೂ ನೋಡಬಹುದು.

ಪೊಲೀಸರ ಸಂಬಳ ಯಾರ ತಲೆಗೆ

ಕರ್ನಾಟಕದವರಿಗೆ ಇಲ್ಲೇ ಗೊಂದಲವಾಗುವುದು. ನಮ್ಮ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ಹಾವೇರಿಯ ಠಾಣೆಯಲ್ಲಿ ಕಾನ್‌ಸ್ಟೆಬಲ್ ಎಷ್ಟಿರಬೇಕೆಂದು ಹಾವೇರಿ ನಗರಸಭೆ ನಿರ್ಧರಿಸುವುದಿಲ್ಲ, ಸಂಬಳವನ್ನೂ ಕೊಡುವುದಿಲ್ಲ. ಅಗ್ನಿಶಾಮಕ ದಳವೂ ರಾಜ್ಯ ಸರ್ಕಾರದ್ದೇ.

ಅಮೆರಿಕದ ಹೆಚ್ಚಿನ ನಗರಗಳಲ್ಲಿ ಊರಿನ ಪೊಲೀಸ್ ಇಲಾಖೆ ಊರಿನದೇ. ನೇಮಕ, ಸಂಬಳ, ಪಿಂಚಣಿ, ಗಾಡಿ, ಪೆಟ್ರೋಲು ಎಲ್ಲವೂ ನಗರದ ಬಜೆಟ್ಟಿನಿಂದ ಹೋಗಬೇಕು. ಸಾಮಾನ್ಯ ಖಜಾನೆಯಿಂದ ಆಗುವ ಖರ್ಚಿನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳದ್ದೇ ಸಾಮಾನ್ಯವಾಗಿ ದೊಡ್ಡ ಬಾಬತ್ತು. ಹಣ ಸಾಲದೆ ಹೋದರೆ ರಾಜ್ಯ ಸರ್ಕಾರ ಬಂದು ತುಂಬಿಕೊಡುವುದೂ ಇಲ್ಲ.

ಹಾಗಾದರೆ ಆಸ್ತಿ ತೆರಿಗೆಯನ್ನೇ ಏರಿಸಬಹುದಲ್ಲ? ಅದಕ್ಕೆ ಹಲವು ರಾಜ್ಯಗಳು ಕಡಿವಾಣ ಹಾಕಿವೆ. ಕ್ಯಾಲಿಫೋರ್ನಿಯಾದಲ್ಲಿ ಮತದಾರರು 1978ರಲ್ಲಿ ಮತ ಹಾಕಿ ಒಪ್ಪಿದ 13ನೇ ಪ್ರಸ್ತಾವನೆ ಆಸ್ತಿ ತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿತು. ಟೆಕ್ಸಸ್‌ನಲ್ಲಿ 2019ರ ಕಾನೂನಿನ ಪ್ರಕಾರ, ಈಗಾಗಲೇ ಇರುವ ಆಸ್ತಿಗಳಿಂದ ನಗರದ ನಿರ್ವಹಣೆಗೆ ಬರುವ ತೆರಿಗೆ ವರ್ಷಕ್ಕೆ ಶೇ. 3.5ಕ್ಕಿಂತ ಹೆಚ್ಚು ಏರಬೇಕಾದರೆ ಮತದಾರರ ಒಪ್ಪಿಗೆ ಬೇಕು. ಒಕ್ಲಹೋಮಾದಲ್ಲಿ ಇನ್ನೂ ಬಿಗಿ. ಅಲ್ಲಿನ ನಗರಗಳು ಆಸ್ತಿ ತೆರಿಗೆಯನ್ನು ಸಾಲ ತೀರಿಸಲು ಬಳಸುತ್ತವೆಯೇ ಹೊರತು ದಿನನಿತ್ಯದ ಖರ್ಚಿಗಲ್ಲ. ಹಾಗಾಗಿ ಒಕ್ಲಹೋಮಾ ಸಿಟಿಯ ಮತದಾರರು 1989ರಲ್ಲೇ ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗೆಂದು ಮುಕ್ಕಾಲು ಸೆಂಟ್ ಮಾರಾಟ ತೆರಿಗೆಗೆ ಒಪ್ಪಿಗೆ ಕೊಟ್ಟರು.

ಒಂದು ಬಾಗಿಲು ಮುಚ್ಚಿದಾಗ ನಗರಗಳು ತಟ್ಟಿದ ಇನ್ನೊಂದು ಬಾಗಿಲು ಮಾರಾಟ ತೆರಿಗೆ. 'ಸುಮ್ಮನೆ ತೆರಿಗೆ ಏರಿಸುತ್ತೇವೆ' ಎಂದರೆ ಜನ ಒಪ್ಪುವುದು ಕಷ್ಟ. 'ಈ ಹಣ ಇದಕ್ಕೆ ಮಾತ್ರ' ಎಂದು ಬರೆದುಕೊಟ್ಟರೆ ಒಪ್ಪುವ ಸಾಧ್ಯತೆ ಹೆಚ್ಚು. ಮೀಸಲು ತೆರಿಗೆ ಹುಟ್ಟಿದ್ದು ಹೀಗೆ.

ಮೀಸಲು ಎಂಬುದು ನಮಗೆ ತೀರಾ ಹೊಸದಲ್ಲ. ಬೆಂಗಳೂರಿನವರು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಾರೆ, ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಭಿಕ್ಷುಕರ ಪುನರ್ವಸತಿಗೆಂದೂ ಒಂದು ಕರವಿದೆ. ಸರಕಿನ ಮೇಲೆ ಊರೇ ತೆರಿಗೆ ಹಾಕುವ ಪದ್ಧತಿಯೂ ನಮ್ಮಲ್ಲಿತ್ತು. ಊರ ಗಡಿಯ ನಾಕಾದಲ್ಲಿ ಲಾರಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ ಅದು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲಂತೂ ಮಾರಾಟದ ಮೇಲೆ ತನ್ನದೇ ತೆರಿಗೆ ಹಾಕುವ ದಾರಿ ನಗರಗಳಿಗೆ ಉಳಿದಿಲ್ಲ.

ಫೋರ್ಟ್ ವರ್ತ್ ಮತದಾರರು ಒಪ್ಪಿದ್ದೇನು

1990ರ ದಶಕದ ಆರಂಭದಲ್ಲಿ ಅಮೆರಿಕದ ಅನೇಕ ನಗರಗಳಂತೆ ಫೋರ್ಟ್ ವರ್ತ್‌ನಲ್ಲೂ ಅಪರಾಧ ವಿಪರೀತವಾಗಿತ್ತು. ಅಪರಾಧ ತಡೆಗೆ ಪ್ರತ್ಯೇಕ ಘಟಕ ರಚಿಸಿ ಅರ್ಧ ಸೆಂಟಿನವರೆಗೆ ತೆರಿಗೆ ಪಡೆಯಲು ಟೆಕ್ಸಸ್ ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಬಳಸಿಕೊಳ್ಳಲು 1995ರಲ್ಲಿ ಮತದಾರರು ಒಪ್ಪಿದರು. ಆದರೆ ಶಾಶ್ವತವಾಗಿ ಅಲ್ಲ. ಅವಧಿ ಮುಗಿದಾಗಲೆಲ್ಲ ನಗರಾಡಳಿತ ಮತ್ತೆ ಜನರ ಮುಂದೆ ಬರಬೇಕಿತ್ತು, ಬಂತು ಕೂಡ: 2000, 2005, 2009, 2014. ಪ್ರತಿ ಸಲವೂ ತೆರಿಗೆ ಮುಂದುವರಿಯಿತು.

2020ರ ಸಂದರ್ಭ ಬೇರೆಯಿತ್ತು. ಆ ವರ್ಷ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿಗೀಡಾದ ಮೇಲೆ ದೇಶದುದ್ದಕ್ಕೂ ಪ್ರತಿಭಟನೆ ನಡೆಯಿತು. ಪೊಲೀಸರಿಗೆ ಇಷ್ಟು ಹಣ ಯಾಕೆ ಎಂಬ ಪ್ರಶ್ನೆ ಬೀದಿಯಲ್ಲಿತ್ತು. ಅದರ ನಡುವೆಯೇ ಜುಲೈ 14ರಂದು ಫೋರ್ಟ್ ವರ್ತ್‌ನಲ್ಲಿ ಈ ತೆರಿಗೆ ಮತಕ್ಕೆ ಬಂತು, ಅದೂ ಈ ಸಲ ಹತ್ತು ವರ್ಷದ ಅವಧಿಗೆ. ಆ ಹೊತ್ತಿಗೆ ಇದರಿಂದ ವರ್ಷಕ್ಕೆ 8 ಕೋಟಿ ಡಾಲರ್ ಆಸುಪಾಸು ಬರುತ್ತಿತ್ತು. ಈ ಹಣದ ಒಂದು ಭಾಗ ಸಾರಿಗೆಗೋ ಬಡಾವಣೆಗಳ ಬೇರೆ ಅಗತ್ಯಕ್ಕೋ ಹೋಗಲಿ ಎಂದು ವಿರೋಧಿಗಳು ವಾದಿಸಿದರು. ಇದು ನಿಂತರೆ ಗಸ್ತು ಕುಗ್ಗುತ್ತದೆ ಎಂದು ಬೆಂಬಲಿಗರು ಹೇಳಿದರು. ಮತ ಹಾಕಿದವರಲ್ಲಿ ಸುಮಾರು ಶೇ. 64ರಷ್ಟು ಮಂದಿ 'ಮುಂದುವರಿಯಲಿ' ಎಂದರು.

ಹಣ ಹೋಗುವ ಜಾಗಗಳೂ ಕುತೂಹಲಕರವಾಗಿವೆ. ಪೊಲೀಸ್ ಕಾರುಗಳು, ರೇಡಿಯೊ, ತಂತ್ರಜ್ಞಾನ, ಹೊಸಬರ ನೇಮಕ ಮತ್ತು ತರಬೇತಿ ಇವೆಲ್ಲ ನಿರೀಕ್ಷಿತವೇ. ಇವುಗಳ ಜೊತೆಗೆ ಒಂದೊಂದು ಬಡಾವಣೆಗೂ ಗೊತ್ತುಪಡಿಸಿದ ಅಧಿಕಾರಿ ಇರುತ್ತಾರೆ, ಬೀದಿಯವರಿಗೆಲ್ಲ ಅವರ ಮುಖಪರಿಚಯವಿರಲಿ ಎಂಬ ಉದ್ದೇಶದಿಂದ. ಶಾಲೆಗಳಲ್ಲಿ ನಿಯೋಜಿತರಾದ ಅಧಿಕಾರಿಗಳ ವೆಚ್ಚವಿದೆ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಮನೆಗೆ ಬರುವವರೆಗೆ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕ್ರಮಗಳಿಗೂ ಒಂದು ಪಾಲು ಹೋಗುತ್ತದೆ. ಅಪರಾಧ ತಡೆ ಎಂಬ ಮಾತು ಎಷ್ಟು ಅಗಲ ಎಂಬುದನ್ನು ಪ್ರತಿ ವರ್ಷದ ಬಜೆಟ್ ಸಭೆ ತೀರ್ಮಾನಿಸುತ್ತದೆ. ಊರನ್ನು ಆಳುವ ಚುನಾಯಿತ ಸಿಟಿ ಕೌನ್ಸಿಲ್‌ನ ಸದಸ್ಯರೇ ಈ ಘಟಕದ ಮಂಡಳಿಯಲ್ಲೂ ಕೂರುತ್ತಾರೆ. ಅಂದರೆ ಖಜಾನೆ ಎರಡು, ಕೀಲಿಕೈ ಹಿಡಿದವರು ಒಬ್ಬರೇ. ಈ ಅಂಶವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪಕ್ಕದ ಪ್ಲೇನೋದಲ್ಲಿ ಇದು ಯಾಕಿಲ್ಲ

ಡಾಲಸ್ ಸುತ್ತಮುತ್ತ ಭಾರತೀಯರು ಹೆಚ್ಚಿರುವ ಪ್ಲೇನೋ, ಅರ್ವಿಂಗ್, ರಿಚರ್ಡ್‌ಸನ್‌ನಲ್ಲೂ ಬಿಲ್ಲಿನ ಮೇಲೆ ಅದೇ 8.25 ಇರುತ್ತದೆ. ಆದರೆ ಒಳಗಿನ ಹಂಚಿಕೆ ಬೇರೆ. ಟೆಕ್ಸಸ್‌ನಲ್ಲಿ ಊರಿನ ಪಾಲು ಒಟ್ಟು ಶೇ. 2ನ್ನು ದಾಟುವಂತಿಲ್ಲ. ಈ ನಗರಗಳು 'ಡಾರ್ಟ್' ಎಂಬ ಪ್ರಾದೇಶಿಕ ಬಸ್ಸು-ರೈಲು ವ್ಯವಸ್ಥೆಗೆ ಸೇರಿ ಒಂದು ಪೂರ್ತಿ ಸೆಂಟನ್ನು ಅದಕ್ಕೆ ಕೊಟ್ಟುಬಿಟ್ಟಿವೆ. ಇನ್ನೊಂದು ಸೆಂಟ್ ಸಾಮಾನ್ಯ ಖಜಾನೆಗೆ. ಅಲ್ಲಿಗೆ ಮಿತಿ ಮುಗಿಯಿತು. ಅದೇ ಸುತ್ತಿನ ಫ್ರಿಸ್ಕೊ ನಗರ ಡಾರ್ಟ್‌ಗೆ ಸೇರದೆ ಆ ಒಂದು ಸೆಂಟನ್ನು ಎರಡು ಅಭಿವೃದ್ಧಿ ನಿಗಮಗಳಿಗೆ ಅರ್ಧರ್ಧ ಹಂಚಿದೆ.

ಅಂಗಡಿಯಲ್ಲಿ ಒಂದೇ ದರ ಕಟ್ಟುವ ಊರುಗಳಲ್ಲಿ ಪ್ಲೇನೋ ರೈಲನ್ನು, ಫ್ರಿಸ್ಕೊ ಉದ್ಯಮವನ್ನು, ಫೋರ್ಟ್ ವರ್ತ್ ಪೊಲೀಸ್ ಗಸ್ತನ್ನು ಆರಿಸಿಕೊಂಡಿದೆ. ಮಿತಿ ಇರುವಲ್ಲಿ ಒಂದಕ್ಕೆ ಮೀಸಲಿಟ್ಟರೆ ಇನ್ನೊಂದಕ್ಕೆ ಇಲ್ಲವಾಗುತ್ತದೆ. ಫೋರ್ಟ್ ವರ್ತ್‌ನ 2020ರ ಚರ್ಚೆಯಲ್ಲಿ ಸಾರಿಗೆಯ ಮಾತು ಬಂದಿದ್ದೂ ಇದಕ್ಕೇ.

ಬೀಗ ಎಷ್ಟು ಗಟ್ಟಿ: ಸ್ಟಾಕ್ಟನ್‌ನ ಎರಡು ಪ್ರಶ್ನೆಗಳು

'ಪೊಲೀಸರಿಗಾಗಿ' ಎಂದು ಹೇಳಿದ ಮಾತ್ರಕ್ಕೆ ಹಣ ಕಾನೂನಿನ ಪ್ರಕಾರ ಪೊಲೀಸರಿಗೇ ಮೀಸಲಾಗಿರುತ್ತದೆ ಎಂದೇನಿಲ್ಲ. ಇದಕ್ಕೆ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದ ಉದಾಹರಣೆ ಚೆನ್ನಾಗಿ ಒಪ್ಪುತ್ತದೆ.

ಸುಮಾರು 3 ಲಕ್ಷ ಜನಸಂಖ್ಯೆಯ ಈ ನಗರ ಮನೆಗಳ ಬೆಲೆ ಕುಸಿದಾಗ ಮಕಾಡೆ ಬಿತ್ತು. ಸಾಲಪತ್ರ, ಪಿಂಚಣಿ, ನಿವೃತ್ತರ ವೈದ್ಯಕೀಯ ವೆಚ್ಚದ ಹೊರೆ ಒಂದೆಡೆಯಾದರೆ ಬತ್ತಿದ ತೆರಿಗೆ ಇನ್ನೊಂದೆಡೆ. ಪೊಲೀಸ್ ಬಲ ಸುಮಾರು ಕಾಲು ಭಾಗ ಕುಗ್ಗಿತು. 2012ರ ಜೂನ್‌ನಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ಆ ಒಂದೇ ವರ್ಷ ಊರಿನಲ್ಲಿ 71 ಕೊಲೆಗಳಾದವು, ಅದುವರೆಗಿನ ದಾಖಲೆ.

2013ರ ನವೆಂಬರ್‌ನಲ್ಲಿ ಮುಕ್ಕಾಲು ಸೆಂಟ್ ತೆರಿಗೆ ಏರಿಕೆ ಮತಕ್ಕೆ ಬಂತು. ಇಲ್ಲಿ ಕ್ಯಾಲಿಫೋರ್ನಿಯಾದ ಒಂದು ನಿಯಮ ಗೊತ್ತಿರಬೇಕು. 1996ರ 218ನೇ ಪ್ರಸ್ತಾವನೆಯ ಪ್ರಕಾರ, ನಗರಾಡಳಿತ ಒಂದು ಉದ್ದೇಶಕ್ಕೆಂದು ಮೀಸಲಿಟ್ಟು ಮತಕ್ಕೆ ಹಾಕುವ ತೆರಿಗೆಗೆ ಮೂರನೇ ಎರಡರಷ್ಟು ಮತ ಬೇಕು. ಯಾವುದಕ್ಕಾದರೂ ಬಳಸಬಹುದಾದ ಸಾಮಾನ್ಯ ತೆರಿಗೆಗೆ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಿದ್ದರೂ ಸಾಕು. ಗಟ್ಟಿ ಬೀಗ ಬೇಕೆಂದರೆ ದೊಡ್ಡ ಬಹುಮತ ಗಳಿಸಬೇಕು.

ಸ್ಟಾಕ್ಟನ್ ಮತಪತ್ರದಲ್ಲಿ ಎರಡು ಪ್ರಶ್ನೆ ಇಟ್ಟಿತು. 'ಎ' ಪ್ರಶ್ನೆ: ಸಾಮಾನ್ಯ ತೆರಿಗೆ ಏರಿಸಬಹುದೇ? 'ಬಿ' ಪ್ರಶ್ನೆ: 'ಎ' ಗೆದ್ದರೆ ಅದರ ಶೇ. 65ನ್ನು ಪೊಲೀಸ್ ಮತ್ತು ಅಪರಾಧ ತಡೆಗೆ, ಶೇ. 35ನ್ನು ದಿವಾಳಿಯಿಂದ ಹೊರಬಂದು ಸೇವೆಗಳನ್ನು ಸರಿಪಡಿಸಲು ಬಳಸಬೇಕೇ? ಎರಡನೆಯದು ಸಲಹೆ ಮಾತ್ರ. ಜನರ ಇಚ್ಛೆ ಏನೆಂದು ಅದು ತಿಳಿಸುತ್ತದೆ, ಕೌನ್ಸಿಲ್ಲನ್ನು ಕಾನೂನಿನಿಂದ ಕಟ್ಟಿಹಾಕುವುದಿಲ್ಲ. ಎರಡೂ ಗೆದ್ದವು. 2014ರ ಏಪ್ರಿಲ್‌ನಿಂದ ಅಲ್ಲಿ ಮಾರಾಟ ತೆರಿಗೆಯ ಒಟ್ಟು ದರ ಶೇ. 9 ಆಯಿತು, 120 ಪೊಲೀಸರನ್ನು ಹೆಚ್ಚುವರಿಯಾಗಿ ನೇಮಿಸುವ ಯೋಜನೆ ಶುರುವಾಯಿತು. 2015ರ ಫೆಬ್ರವರಿಯಲ್ಲಿ ನಗರ ದಿವಾಳಿತನದಿಂದ ಹೊರಬಂತು.

ಸ್ಟಾಕ್ಟನ್ ಮಾಡಿದ್ದು ಕಾನೂನುಬದ್ಧ, ಬಹಿರಂಗವೂ ಹೌದು. ಆದರೂ ಮತದಾರ 'ಎ'ಗೆ ಹಾಕಿದ 'ಹೌದು' ಮತಕ್ಕೂ 'ಬಿ'ಗೆ ಹಾಕಿದ 'ಹೌದು' ಮತಕ್ಕೂ ತೂಕ ಒಂದೇ ಅಲ್ಲ. ಮೊದಲನೆಯದು ಕಾನೂನು, ಎರಡನೆಯದು ಕೋರಿಕೆ. ಅಂಗಳದಲ್ಲಿ ನೆಟ್ಟ ಪ್ರಚಾರ ಫಲಕ ಈ ವ್ಯತ್ಯಾಸ ಹೇಳುವುದಿಲ್ಲ. ಪ್ರಸ್ತಾವನೆಯ ಪೂರ್ಣ ಪಠ್ಯವನ್ನೇ ಓದಬೇಕು.

ಹೊಸ ಹಣ ಬಂದಾಗ ಹಳೆಯ ಹಣ ಜಾರಿದರೆ

ಗೆಳೆಯರು ಈ ವಿಷಯ ಕೇಳಿದಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ಭಾಗದಲ್ಲಿ. ಕಾಗದದ ಮೇಲೆ ಎಲ್ಲವೂ ಸರಿಯಿದ್ದು ಪೊಲೀಸರಿಗೆ ಒಂದು ಪೈಸೆಯೂ ಹೆಚ್ಚಾಗದೆ ಹೋಗುವುದು ಸಾಧ್ಯವಿದೆ.

ಮಗಳ ಶಾಲೆ ಫೀಸಿಗೆಂದು ಅಪ್ಪ ತಿಂಗಳಿಗೆ ಎರಡು ಸಾವಿರ ಕೊಡುತ್ತಿದ್ದಾನೆ ಎನ್ನಿ. ಅಮ್ಮ ಹೊಲಿಗೆಯಲ್ಲಿ ಬಂದ ಒಂದು ಸಾವಿರವನ್ನು ಸಾಸಿವೆ ಡಬ್ಬಿಯಲ್ಲಿ ಎತ್ತಿಟ್ಟು, 'ಇದು ಫೀಸಿಗೆ ಮಾತ್ರ, ಯಾರೂ ಮುಟ್ಟಬಾರದು' ಎನ್ನುತ್ತಾಳೆ. ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ. ಆದರೆ ಮುಂದಿನ ತಿಂಗಳಿನಿಂದ ಅಪ್ಪ ಒಂದೇ ಸಾವಿರ ಕೊಡುತ್ತಾನೆ. ಡಬ್ಬಿಯ ಹಣ ಕೊಟ್ಟ ಮಾತಿನಂತೆ ಫೀಸಿಗೇ ಹೋಯಿತು, ಫೀಸಿನ ಮೊತ್ತ ಮಾತ್ರ ಎರಡು ಸಾವಿರದಲ್ಲೇ ನಿಂತಿತು.

ನಗರದಲ್ಲೂ ಹೀಗಾಗಬಹುದು. ಮೀಸಲು ತೆರಿಗೆಯಿಂದ 2 ಕೋಟಿ ಬಂತೆಂದು ಸಾಮಾನ್ಯ ಖಜಾನೆಯಿಂದ ಪೊಲೀಸರಿಗೆ ಕೊಡುತ್ತಿದ್ದುದರಲ್ಲಿ 2 ಕೋಟಿ ಕಡಿತವಾದರೆ, ಜನ ಒಪ್ಪಿದ ಪೊಲೀಸ್ ತೆರಿಗೆ ನಿಜದಲ್ಲಿ ಬೇರೆ ಇಲಾಖೆಗಳಿಗೆ ಬಂದ ತೆರಿಗೆಯಾಗುತ್ತದೆ. ಇದನ್ನು ತಡೆಯಲು ಕೆಲವು ನಗರಗಳು ಪ್ರಸ್ತಾವನೆಯಲ್ಲೇ ಒಂದು ಷರತ್ತು ಬರೆಯುತ್ತವೆ: ಹಳೆಯ ಖಜಾನೆಯಿಂದ ಬರುತ್ತಿದ್ದ ಮೊತ್ತ ಇಂತಿಷ್ಟಕ್ಕಿಂತ ಕೆಳಗೆ ಇಳಿಯಬಾರದು. ಈ ಷರತ್ತು ಇದೆಯೋ ಇಲ್ಲವೋ ಎಂಬುದು ದರ ಎಷ್ಟೆಂಬುದಕ್ಕಿಂತ ದೊಡ್ಡ ವಿಷಯ ಎಂದೇ ನನ್ನ ಎಣಿಕೆ.

ಕ್ಯಾಲಿಫೋರ್ನಿಯಾ ರಾಜ್ಯಮಟ್ಟದಲ್ಲೂ ಇಂಥದ್ದೊಂದು ನಡೆದಿದೆ. 1990ರ ದಶಕದ ಆರಂಭದ ಮುಗ್ಗಟ್ಟಿನಲ್ಲಿ ರಾಜ್ಯ ಸರ್ಕಾರ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮತ್ತು ನಗರಗಳಿಗೆ ಬರಬೇಕಿದ್ದ ಆಸ್ತಿ ತೆರಿಗೆಯ ಒಂದು ಪಾಲನ್ನು ಶಾಲೆಗಳ ಕಡೆಗೆ ತಿರುಗಿಸಿತು. 1993ರ ನವೆಂಬರ್‌ನಲ್ಲಿ ಸಾರ್ವಜನಿಕ ಸುರಕ್ಷತೆಗೆಂದು ಅರ್ಧ ಸೆಂಟಿನ 172ನೇ ಪ್ರಸ್ತಾವನೆ ಮತಕ್ಕೆ ಬಂತು, ಗೆದ್ದಿತು. ಆ ದಿನಗಳಲ್ಲೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಕಾಳ್ಗಿಚ್ಚು ಹಬ್ಬಿತ್ತು. ಹೊಸ ತೆರಿಗೆಯ ಹಣ ಸುರಕ್ಷತೆಗೇ ಹೋಯಿತು. ಆದರೆ ಅದರಲ್ಲಿ ದೊಡ್ಡ ಭಾಗ ಆಗಷ್ಟೇ ಬಿದ್ದಿದ್ದ ಗುಂಡಿಯನ್ನು ತುಂಬಲು ಬೇಕಾಯಿತು.

ವ್ಯಾಪಾರ ಬಿದ್ದ ವರ್ಷ

ಆಸ್ತಿ ತೆರಿಗೆ ನಿಧಾನಕ್ಕೆ ಏರಿಳಿಯುತ್ತದೆ. ಮಾರಾಟ ತೆರಿಗೆ ಹಾಗಲ್ಲ, ಜನ ಕೊಳ್ಳುವುದನ್ನು ನಿಲ್ಲಿಸಿದ ತಿಂಗಳೇ ಇಳಿಯುತ್ತದೆ. ಪೊಲೀಸರ ಸಂಬಳ ಹಾಗೆ ಇಳಿಯುವುದಿಲ್ಲ.

ಕೊಲರಾಡೊ ಸ್ಪ್ರಿಂಗ್ಸ್ ನಗರ 2001ರಲ್ಲೇ ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗೆ ಶೇ. 0.4 ಮೀಸಲು ತೆರಿಗೆ ಪಡೆದಿತ್ತು. ಸಾಮಾನ್ಯ ಖಜಾನೆಗೂ ಮಾರಾಟ ತೆರಿಗೆಯೇ ಮುಖ್ಯ ಆಧಾರ. 2008ರ ಆರ್ಥಿಕ ಕುಸಿತದ ನಂತರ ಆದಾಯ ಬಿತ್ತು. ಆಸ್ತಿ ತೆರಿಗೆ ಏರಿಸುವ ಪ್ರಸ್ತಾವನೆಯನ್ನು 2009ರ ನವೆಂಬರ್‌ನಲ್ಲಿ ಮತದಾರರು ತಿರಸ್ಕರಿಸಿದರು. 2010ರಲ್ಲಿ ನಗರ ಸುಮಾರು ಮೂರನೇ ಒಂದರಷ್ಟು ಬೀದಿದೀಪಗಳನ್ನು ಆರಿಸಿತು, ಪೊಲೀಸ್ ಹೆಲಿಕಾಪ್ಟರುಗಳನ್ನು ಮಾರಾಟಕ್ಕಿಟ್ಟಿತು. ಮನೆ ಮುಂದಿನ ದೀಪ ಉರಿಯಬೇಕೆಂದರೆ ಹಣ ಕೊಟ್ಟು 'ದತ್ತು' ಪಡೆಯಿರಿ ಎಂದು ನಿವಾಸಿಗಳಿಗೆ ಹೇಳಲಾಯಿತು. ಸುರಕ್ಷತೆಗೆ ಮೀಸಲು ತೆರಿಗೆ ಇದ್ದೂ ಬೀದಿ ಕತ್ತಲಾಯಿತು, ಏಕೆಂದರೆ ಬೀದಿದೀಪ ಆ ಮೀಸಲಿನ ಪಟ್ಟಿಯಲ್ಲಿರಲಿಲ್ಲ.

ಯಾರ ಜೇಬಿನಿಂದ ಎಷ್ಟು

ಎಲ್ಲರಿಗೂ ಒಂದೇ ದರ ಎಂದರೆ ಎಲ್ಲರಿಗೂ ಒಂದೇ ಹೊರೆ ಎಂದಲ್ಲ. ವರ್ಷಕ್ಕೆ 40 ಸಾವಿರ ಡಾಲರ್ ದುಡಿಯುವ ಕುಟುಂಬ ತೆರಿಗೆ ಬೀಳುವ ವಸ್ತುಗಳಿಗೆ 20 ಸಾವಿರ ಖರ್ಚು ಮಾಡುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಸೆಂಟಿನ ಲೆಕ್ಕದಲ್ಲಿ ಅದು ಕಟ್ಟುವುದು 100 ಡಾಲರ್, ಆದಾಯದ ಶೇ. 0.25. ಎರಡು ಲಕ್ಷ ದುಡಿಯುವ ಕುಟುಂಬ 50 ಸಾವಿರ ಖರ್ಚು ಮಾಡಿದರೆ 250 ಡಾಲರ್, ಆದಾಯದ ಶೇ. 0.125. ಮೊತ್ತ ಹೆಚ್ಚಾದರೂ ಹೊರೆ ಅರ್ಧ. ಕಡಿಮೆ ದುಡಿಯುವವರು ಬಂದದ್ದನ್ನೆಲ್ಲ ಖರ್ಚು ಮಾಡಲೇಬೇಕಾಗಿರುವುದು ಇದಕ್ಕೆ ಕಾರಣ.

ವಿನಾಯಿತಿಗಳು ಈ ಹೊರೆಯನ್ನು ತುಸು ಇಳಿಸುತ್ತವೆ. ಟೆಕ್ಸಸ್‌ನಲ್ಲಿ ಅಕ್ಕಿ, ಬೇಳೆ, ಹಾಲು, ತರಕಾರಿಗೆ ಮಾರಾಟ ತೆರಿಗೆಯಿಲ್ಲ, ವೈದ್ಯರು ಬರೆದ ಔಷಧಕ್ಕೂ ಇಲ್ಲ. ಅದೇ ಅಕ್ಕಿಯ ಇಡ್ಲಿಯನ್ನು ಹೋಟೆಲಿನಲ್ಲಿ ತಿಂದರೆ ತೆರಿಗೆ ಇದೆ. ಒಕ್ಲಹೋಮಾದಲ್ಲಿ ದಿನಸಿಯ ಮೇಲಿನ ರಾಜ್ಯದ ತೆರಿಗೆ 2024ರ ಆಗಸ್ಟ್‌ನಲ್ಲಿ ಹೋಯಿತು, ಊರಿನ ತೆರಿಗೆ ಉಳಿದಿದೆ. ಹಾಗಾಗಿ ಒಕ್ಲಹೋಮಾ ಸಿಟಿಯಲ್ಲಿ ಒಂದು ಮೂಟೆ ಅಕ್ಕಿ ಕೊಂಡರೂ ಪೊಲೀಸರಿಗೆ ಪಾಲು ಸಲ್ಲುತ್ತದೆ.

ಇನ್ನೊಂದು ಮಗ್ಗುಲೂ ಇದೆ. ಆಸ್ತಿ ತೆರಿಗೆ ಕಟ್ಟುವವರು ಊರಲ್ಲಿ ಆಸ್ತಿ ಇರುವವರು. ಮಾರಾಟ ತೆರಿಗೆಯನ್ನು ಹೊರಗಿನವರೂ ಕಟ್ಟುತ್ತಾರೆ. ಫೋರ್ಟ್ ವರ್ತ್‌ನ ಸ್ಟಾಕ್‌ಯಾರ್ಡ್ಸ್‌ನಲ್ಲಿ ದನಗಳ ಮೆರವಣಿಗೆ ನೋಡಲು ಬಂದು ಟೋಪಿ ಕೊಳ್ಳುವ ಪ್ರವಾಸಿಯೂ ಊರಿನ ಗಸ್ತಿಗೆ ಹಣ ಕೊಟ್ಟೇ ಹೋಗುತ್ತಾನೆ. ಆನ್‌ಲೈನ್ ಖರೀದಿಯಲ್ಲಿ ಇದು ಮೊದಲು ಸೋರಿಹೋಗುತ್ತಿತ್ತು. ರಾಜ್ಯದೊಳಗೆ ಅಂಗಡಿ, ಗೋದಾಮು ಇಲ್ಲದ ಮಾರಾಟಗಾರರಿಂದಲೂ ತೆರಿಗೆ ಸಂಗ್ರಹಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರ ಜೂನ್‌ನಲ್ಲಿ ವೇಫೇರ್ ಎಂಬ ಆನ್‌ಲೈನ್ ಮಾರಾಟ ಕಂಪನಿಯ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ ಆ ಸೋರಿಕೆ ಬಹುಮಟ್ಟಿಗೆ ನಿಂತಿತು.

ಮತಪತ್ರ ಕೈಗೆ ಬಂದಾಗ

ಪ್ರಸ್ತಾವನೆಯ ಪಠ್ಯದಲ್ಲಿ ಮೊದಲು ಹುಡುಕಬೇಕಾದದ್ದು ತೆರಿಗೆ ಮೀಸಲೋ ಸಾಮಾನ್ಯವೋ ಎಂಬುದನ್ನು. 'ಸುರಕ್ಷತೆಯಂಥ ಸೇವೆಗಳಿಗೆ' ಎಂದಿದ್ದರೆ ಸಾಮಾನ್ಯದ್ದೇ ಆಗಿರುವ ಸಂಭವ ಹೆಚ್ಚು. ಆಮೇಲೆ ಹಳೆಯ ಅನುದಾನ ಇಳಿಯದಂತೆ ಷರತ್ತಿದೆಯೇ ಎಂಬುದು. ಮೂರನೆಯದು ಅವಧಿ: ಇಷ್ಟು ವರ್ಷ ಎಂದಿದೆಯೋ, ಶಾಶ್ವತವೋ. ಸುರಕ್ಷತೆ ಎಂದರೆ ಪೊಲೀಸರು ಮಾತ್ರವೋ, ಅಗ್ನಿಶಾಮಕ, ಆಂಬುಲೆನ್ಸ್, ಬೀದಿದೀಪವೂ ಸೇರಿವೆಯೋ ಎಂಬುದನ್ನೂ ನೋಡಿ. ಈಗಾಗಲೇ ಇರುವ ತೆರಿಗೆಯ ನವೀಕರಣವಾದರೆ 'ಇಲ್ಲ' ಎಂಬ ಮತ ಗೆದ್ದಾಗ ಬಿಲ್ಲು ಇಳಿಯುತ್ತದೆ. ಹೊಸ ತೆರಿಗೆಯಾದರೆ 'ಹೌದು' ಗೆದ್ದಾಗ ಬಿಲ್ಲು ಏರುತ್ತದೆ. 'ದರ ಏರುವುದಿಲ್ಲ' ಎಂಬ ಪ್ರಚಾರದ ಮಾತು ನವೀಕರಣದ ಸಂದರ್ಭದಲ್ಲಿ ನಿಜವೇ. ಆದರೆ ಅರ್ಧ ಮಾತು ಮಾತ್ರ.

ಎಚ್-1ಬಿ ವೀಸಾದಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು ಈ ತೆರಿಗೆಯನ್ನು ಪ್ರತಿ ಬಿಲ್ಲಿನಲ್ಲೂ ಕಟ್ಟುತ್ತಾರೆ, ಮತ ಹಾಕುವ ಹಕ್ಕು ಅವರಿಗಿಲ್ಲ. ಆದರೆ ಈ ಹಣದ ಖರ್ಚನ್ನು ನಿರ್ಧರಿಸುವ ವಾರ್ಷಿಕ ಬಜೆಟ್ ಸಭೆ ಬಹಿರಂಗವಾಗಿ ನಡೆಯುತ್ತದೆ. ಅಲ್ಲಿ ಹೋಗಿ ಹೆಸರು ಬರೆಸಿ ಎರಡು ಮಾತಾಡಲು ಪೌರತ್ವ ಬೇಕಿಲ್ಲ. ಫೋರ್ಟ್ ವರ್ತ್‌ನ ಈಗಿನ ಅವಧಿ 2030ಕ್ಕೆ ಮುಗಿಯುತ್ತದೆ.